ಹೀ-ಮ್ಯಾನ್ ಸಿಗುತ್ತಾನೆ, ಅವನ ರಟ್ಟು ಸಿಗೋದಿಲ್ಲ

ಹಳೇ ಟಿವಿ ಕಾರ್ಯಕ್ರಮಗಳ ಸಾಮಾನು ಕೂಡಿಡುತ್ತೇನೆ ಅಂದರೆ ಜನ ಗೊಂಬೆ ತುಂಬಿದ ಗಾಜಿನ ಕಪಾಟು ನೆನೆಸಿಕೊಳ್ಳುತ್ತಾರೆ. ನನ್ನ ಹತ್ತಿರ ಗೊಂಬೆಗಳೂ ಇವೆ. ಆದರೆ ನಾನು ಜಾಸ್ತಿ ಹುಡುಕೋದು ಕಾಗದವನ್ನು. ಗೊಂಬೆ ಅಂಟಿಸಿದ್ದ ರಟ್ಟು, ಜೊತೆಗೆ ಬರುತ್ತಿದ್ದ ಪುಟ್ಟ ಕಾಮಿಕ್ಸ್, ಅಂಗಡಿಯ ಬಿಲ್ಲು, ದೂರದರ್ಶನದ ಆ ದಿನದ ಪಟ್ಟಿ ಇರುವ ಪೇಪರ್ ಹಾಳೆ. ಪ್ಲಾಸ್ಟಿಕ್ ಅಟ್ಟದ ಮೇಲೆ ಟ್ರಂಕಿನಲ್ಲಿ ಎಷ್ಟು ವರ್ಷ ಬಿದ್ದಿದ್ದರೂ ಉಳಿಯುತ್ತದೆ. ಕಾಗದ ರದ್ದಿಗೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಪೊಟ್ಟಣ ಬಿಚ್ಚಿದ ದಿನವೇ ರಟ್ಟು ಹೋಗುತ್ತಿತ್ತು, ಅಲ್ವಾ?

ನನ್ನ ಸಂಗ್ರಹದ ಮುಖ್ಯ ಭಾಗ ಹೀ-ಮ್ಯಾನ್. 80ರ ದಶಕದ ಕೊನೆಗೆ ದೂರದರ್ಶನದಲ್ಲಿ ಕತ್ತಿ ಹಿಡಿದ ವೀರನ ಕಾರ್ಟೂನ್ ಬರುತ್ತಿತ್ತಲ್ಲ, ಅದೇ. ಕಾರ್ಟೂನ್ ಮೊದಲು ಬಂತು, ಗೊಂಬೆ ಆಮೇಲೆ ಬಂತು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆಗಿದ್ದು ಉಲ್ಟಾ. ಅಮೆರಿಕದ ಮ್ಯಾಟೆಲ್ ಕಂಪನಿ 1982ರಲ್ಲೇ ಗೊಂಬೆಗಳನ್ನು ಮಾರಾಟಕ್ಕೆ ಬಿಟ್ಟಿತ್ತು. ಫಿಲ್ಮೇಷನ್ ಸ್ಟುಡಿಯೋದ ಕಾರ್ಟೂನ್ ಬಂದಿದ್ದು 1983ರಲ್ಲಿ, ಒಟ್ಟು 130 ಕಂತು. ಸಂಗ್ರಹ ಮಾಡುವವರಿಗೆ ಇದು ಗೊತ್ತಿರಬೇಕು, ಯಾಕೆಂದರೆ ಟಿವಿಯಲ್ಲಿ ನೋಡಿದ್ದಕ್ಕೂ ಕೈಯಲ್ಲಿರುವ ಗೊಂಬೆಗೂ ಹೊಂದಿಕೆ ಆಗದಿದ್ದಾಗ "ಇದು ಡೂಪ್ಲಿಕೇಟ್" ಅಂತ ಬಿಟ್ಟು ಬರುವವರಿದ್ದಾರೆ. ಉದಾಹರಣೆಗೆ ಕತ್ತಿ. ಹೀ-ಮ್ಯಾನ್ ಗೊಂಬೆಯ ಜೊತೆ ಬರುತ್ತಿದ್ದದ್ದು ಉದ್ದಕ್ಕೆ ಸೀಳಿದಂತಿರುವ ಅರ್ಧ ಕತ್ತಿ. ಇನ್ನರ್ಧ, ನೇರಳೆ ಬಣ್ಣದ್ದು, ಕಥೆಯ ಖಳನಾಯಕ ಸ್ಕೆಲೆಟಾರ್ ಜೊತೆ ಬರುತ್ತಿತ್ತು. ಎರಡನ್ನೂ ಸೇರಿಸಿದರೆ ಗ್ರೇಸ್ಕಲ್ ಕೋಟೆಯ ಬೀಗ ತೆಗೆಯುವ ಕೀಲಿ ಆಗುತ್ತದೆ ಅನ್ನೋದು ಮೊದಲ ಕಾಮಿಕ್ಸ್‌ಗಳ ಕಥೆ. ಕಾರ್ಟೂನಿನಲ್ಲಿ ಇದು ಇಲ್ಲವೇ ಇಲ್ಲ. ಹಿಂಭಾಗ ಚಪ್ಪಟೆಯಾದ ಕತ್ತಿ ಸಿಕ್ಕರೆ ಅದು ಮುರಿದದ್ದಲ್ಲ, ಇರುವುದೇ ಹಾಗೆ. ಹೀ-ಮ್ಯಾನ್ ಸವಾರಿ ಮಾಡುವ ಹಸಿರು ಹುಲಿ ಬ್ಯಾಟಲ್ ಕ್ಯಾಟ್ ಕೂಡ ಹಾಗೇ. ಹೀ-ಮ್ಯಾನ್ ಪಕ್ಕ ಅದು ತೀರಾ ದೊಡ್ಡದಾಗಿ ಕಾಣೋದು ಯಾಕೆಂದರೆ ಅದರ ಅಚ್ಚು ಮ್ಯಾಟೆಲ್‌ನದ್ದೇ ಬಿಗ್ ಜಿಮ್ ಅನ್ನುವ ಹಳೇ ದೊಡ್ಡ ಗೊಂಬೆಗಾಗಿ ಮಾಡಿದ್ದ ಹುಲಿಯದು. ಅದಕ್ಕೇ ಹಸಿರು ಬಣ್ಣ ಕೊಟ್ಟು, ಜೀನು ಹಾಕಿ ಇಲ್ಲಿಗೆ ತಂದರು. ಈ ತರದ ವಿಷಯ ಗೊತ್ತಾದಾಗ ನನಗೆ ಆಗುವ ಖುಷಿ ಗೊಂಬೆ ಸಿಕ್ಕಾಗ ಆಗುವುದಕ್ಕಿಂತ ಕಡಿಮೆಯೇನಲ್ಲ.

ನಮ್ಮ ದೇಶದಲ್ಲಿ ಮ್ಯಾಟೆಲ್‌ನ ಲೈಸೆನ್ಸ್ ತೆಗೆದುಕೊಂಡು ಇವನ್ನು ಮಾಡಿದ್ದು ಲಿಯೊ ಎಂಬ ಕಂಪನಿ. ಬಾರ್ಬಿ, ಹಾಟ್ ವೀಲ್ಸ್ ಕೂಡ ಅವರೇ ಮಾಡುತ್ತಿದ್ದರು. ಲಿಯೊ ಗೊಂಬೆಗಳ ಬಣ್ಣ ಅಮೆರಿಕದ ಅಂಗಡಿಗಳ ಗೊಂಬೆಗಿಂತ ಬೇರೆ. ಮೈಬಣ್ಣ ಬೇರೆ, ಬೆಲ್ಟಿನ ಬಣ್ಣ ಬೇರೆ, ಕಣ್ಣು ಬರೆದ ರೀತಿಯೂ ಬೇರೆ. ಒಂದೇ ಪಾತ್ರದ ಎರಡು ಗೊಂಬೆ ಪಕ್ಕಪಕ್ಕ ಇಟ್ಟರೆ ಅವೂ ಒಂದೇ ತರ ಇರುವುದಿಲ್ಲ. ಈ ವ್ಯತ್ಯಾಸಕ್ಕಾಗಿಯೇ ಹೊರದೇಶದ ಸಂಗ್ರಾಹಕರು ಒಳ್ಳೇ ದುಡ್ಡು ಕೊಟ್ಟು ಕೊಳ್ಳುತ್ತಾರೆ. ಹೀಗೆ ಹೋಗಿಬಿಟ್ಟರೆ ಇಲ್ಲಿ ಮಾಡಿದ, ಇಲ್ಲಿನ ಮಕ್ಕಳು ಆಡಿದ ಸಾಮಾನು ಇಲ್ಲೇ ನೋಡೋಕೆ ಸಿಗೋದಿಲ್ಲ. ನಾನು ಲಿಯೊ ಗೊಂಬೆಗಳನ್ನೇ ಹಿಡಿದುಕೊಂಡಿದ್ದು ಇದಕ್ಕೆ.

ಸಿಗೋದು ಎಲ್ಲಿ ಅಂತ ಕೇಳುತ್ತಾರೆ. ಬೆಂಗಳೂರಿನಲ್ಲಿ ಬಿ.ವಿ.ಕೆ. ಅಯ್ಯಂಗಾರ್ ರಸ್ತೆ ಕಡೆಯ ಭಾನುವಾರದ ಸಂತೆಗೆ ಬೆಳಗ್ಗೆ ಬೇಗ ಹೋಗುತ್ತೇನೆ. ಗುಜರಿ ಅಂಗಡಿಯವರಿಗೆ ಫೋಟೋ ತೋರಿಸಿಟ್ಟಿದ್ದೇನೆ. ಆದರೆ ಒಳ್ಳೆಯದು ಸಿಕ್ಕಿದ್ದೆಲ್ಲಾ ಮನೆಗಳಲ್ಲಿ. ಪರಿಚಯದವರ ಮನೆಗೆ ಹೋದಾಗ "ಅಕ್ಕಾ, ಅಣ್ಣನ ಚಿಕ್ಕಂದಿನ ಆಟದ ಸಾಮಾನು ಏನಾದ್ರೂ ಉಳಿದಿದೆಯಾ?" ಅಂತ ಕೇಳುತ್ತೇನೆ. ಗೊಂಬೆಯನ್ನಷ್ಟೇ ತೆಗೆದುಕೊಡಿ ಅನ್ನೋದಿಲ್ಲ, ಇಡೀ ಡಬ್ಬ ಇಳಿಸಿ ಅನ್ನುತ್ತೇನೆ. ಯಾಕೆಂದರೆ ಕತ್ತಿ, ಗುರಾಣಿ, ಎದೆಪಟ್ಟಿ ಎಲ್ಲಾ ಡಬ್ಬದ ತಳದಲ್ಲಿ ಲೆಗೊ ತುಂಡು, ಕ್ರೇಯಾನ್, ಚೌಕಾಬಾರದ ಕವಡೆ ಜೊತೆ ಬಿದ್ದಿರುತ್ತವೆ. ಪುಣ್ಯ ಇದ್ದರೆ ಕಾಮಿಕ್ಸ್ ಕೂಡ ಹಳೇ ನೋಟ್‌ಬುಕ್‌ಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಬೆಲೆ ಎಷ್ಟಿದೆ ಅಂತ ಮೊದಲೇ ಹೇಳಿ, ದುಡ್ಡು ಕೊಟ್ಟೇ ತರುತ್ತೇನೆ. ಗೊತ್ತಿಲ್ಲದವರ ಹತ್ತಿರ ನೂರು ರೂಪಾಯಿಗೆ ಹೊಡೆದುಕೊಂಡು ಬಂದು ಸಾವಿರಗಟ್ಟಲೆಗೆ ಮಾರುವುದು ನನಗೆ ಒಗ್ಗೋದಿಲ್ಲ.

ಕೊಳ್ಳುವ ಮುಂಚೆ ನೋಡಬೇಕಾದ್ದು ಕೆಲವಿದೆ. ಗೊಂಬೆಯ ಬೆನ್ನ ಮೇಲೆ 1981 ಅಂತ ಒತ್ತಿದ್ದರೆ ಅದು ತಯಾರಾದ ವರ್ಷ ಅಲ್ಲ, ಕಾಪಿರೈಟಿನ ವರ್ಷ. ಮಾರುವವರು ಅದನ್ನು ತೋರಿಸಿ ರೇಟು ಏರಿಸುತ್ತಾರೆ. ಇನ್ನೊಂದು, 2020ರ ಹೊತ್ತಿಗೆ ಮ್ಯಾಟೆಲ್ ಆರಿಜಿನ್ಸ್ ಅನ್ನುವ ಹೆಸರಲ್ಲಿ ಹಳೇ ರೂಪದ್ದೇ ಗೊಂಬೆಗಳನ್ನು ಮತ್ತೆ ತಂದಿತು. ಎತ್ತರವೂ ಅದೇ, ಸುಮಾರು ಐದೂವರೆ ಇಂಚು. ಇವಕ್ಕೆ ಸ್ವಲ್ಪ ಮಣ್ಣು ಮೆತ್ತಿ ಹಳೇದು ಅಂತ ಮಾರಲು ಬಂದವರನ್ನು ನಾನೇ ನೋಡಿದ್ದೇನೆ. ಮೊಣಕಾಲು, ಮೊಣಕೈ ಬಗ್ಗಿಸಿ ನೋಡಿ. ಬಗ್ಗಿದರೆ ಹೊಸದು. 80ರ ದಶಕದ ಹೀ-ಮ್ಯಾನ್‌ಗೆ ಅಲ್ಲಿ ಕೀಲೇ ಇಲ್ಲ. ಸೊಂಟ ತಿರುಗಿಸಿ ಬಿಟ್ಟರೆ ಒಳಗಿನ ಸ್ಪ್ರಿಂಗಿನಿಂದ ಫಟ್ಟಂತ ವಾಪಸ್ ಬಂದು ಗುದ್ದಬೇಕು. 1985ರ ಸ್ಟಿಂಕಾರ್ ಅನ್ನುವ ಗೊಂಬೆಗಂತೂ ಮೂಗೇ ಸಾಕು. ಗಬ್ಬು ನಾತದ ಪಾತ್ರ ಅಂತ ವಾಸನೆಯನ್ನು ಪ್ಲಾಸ್ಟಿಕ್ಕಿಗೇ ಬೆರೆಸಿದ್ದರು, ಇವತ್ತಿಗೂ ಬರುತ್ತದೆ.

ಇನ್ನು ತೊಳೆಯೋದು. ಹೀ-ಮ್ಯಾನ್ ಗೊಂಬೆಯನ್ನು ನೀರಲ್ಲಿ ಮುಳುಗಿಸಬೇಡಿ. ಸೊಂಟದ ಸ್ಪ್ರಿಂಗ್ ಲೋಹದ್ದು, ನೀರು ಒಳಗೆ ಹೋದರೆ ತುಕ್ಕು ಹಿಡಿಯುತ್ತದೆ. ಉಗುರುಬೆಚ್ಚಗಿನ ನೀರಿಗೆ ಒಂದು ಹನಿ ಪಾತ್ರೆ ಸೋಪು ಹಾಕಿ, ಮೆತ್ತನೆ ಹಲ್ಲುಜ್ಜುವ ಬ್ರಷ್ ಅದ್ದಿ, ಹಿಂಡಿ, ಉಜ್ಜುತ್ತೇನೆ. ಬಣ್ಣ ಬರೆದ ಜಾಗ, ಸ್ಟಿಕ್ಕರ್ ಮುಟ್ಟೋದಿಲ್ಲ. ಬಾಲ್ ಪೆನ್ನಿನ ಗೀಟುಗಳಿಗೆ ಮೊಡವೆಗೆ ಹಚ್ಚುವ ಬೆಂಜಾಯಿಲ್ ಪೆರಾಕ್ಸೈಡ್ ಮುಲಾಮು ಕೆಲಸ ಮಾಡುತ್ತದೆ. ಗೀಟಿನ ಮೇಲಷ್ಟೇ ಹಚ್ಚಿ ಬಿಸಿಲಲ್ಲಿಟ್ಟು, ಆಗಾಗ ಒರೆಸಿ ನೋಡುತ್ತಾ ಇರಬೇಕು. ಜಾಸ್ತಿ ಬಿಟ್ಟರೆ ಪ್ಲಾಸ್ಟಿಕ್ಕಿನ ಬಣ್ಣವೂ ಹೋಗುತ್ತದೆ. ಆದರೆ ಮಗು ತನ್ನ ಹೆಸರು ಬರೆದಿದ್ದರೆ ನಾನು ಅಳಿಸುವುದಿಲ್ಲ, ಅಂಗಾಲಿನಲ್ಲಿ ಗುಂಡಗಿನ ಕನ್ನಡ ಅಕ್ಷರದಲ್ಲಿ ಹೆಸರಿರುವ ಸ್ಕೆಲೆಟಾರ್ ಒಂದಿದೆ, ಅದನ್ನು ಯಾರು ಎಷ್ಟಕ್ಕೆ ಕೇಳಿದರೂ ಕೊಡೋದಿಲ್ಲ.

ಫನ್‌ಸ್ಕೂಲ್ ಕಂಪನಿ ಇಲ್ಲೇ ಮಾಡುತ್ತಿದ್ದ ಜಿ.ಐ. ಜೋ ಅನ್ನುವ ಸೈನಿಕರ ಗೊಂಬೆಗಳದ್ದು ಬೇರೆ ತೊಂದರೆ. ಅವುಗಳ ಮೈಯನ್ನು ಹಿಡಿದಿಡುವುದು ಒಳಗಿನ ಒಂದು ಕಪ್ಪು ರಬ್ಬರ್ ರಿಂಗ್. ಅದು ಒಣಗಿ ತುಂಡಾದರೆ ಗೊಂಬೆ ಸೊಂಟದಲ್ಲಿ ಎರಡಾಗುತ್ತದೆ. ಮಾರುವವರು ಮುರಿದಿದೆ ಅಂತ ಕಡಿಮೆಗೆ ಕೊಡುತ್ತಾರೆ. ಬೆನ್ನಿನ ಸ್ಕ್ರೂ ಬಿಚ್ಚಿ ಹೊಸ ರಿಂಗ್ ಹಾಕಿದರೆ ಸರಿಹೋಯಿತು. ಹಳೇ ರಿಂಗಿನ ತುಂಡನ್ನೇ ಹಾರ್ಡ್‌ವೇರ್ ಅಂಗಡಿಗೆ ತೆಗೆದುಕೊಂಡು ಹೋಗಿ ಅಳತೆಗೆ.

ಇಡುವ ವಿಷಯದಲ್ಲಿ ನನ್ನದು ಒಂದೇ ಹಟ: ನುಸಿ ಗುಳಿಗೆ ಹತ್ತಿರಕ್ಕೂ ಬರಬಾರದು. ಬಟ್ಟೆಗೆ ಸರಿ. ಆದರೆ ಅದರ ಆವಿ ಕೆಲವು ಜಾತಿಯ ಪ್ಲಾಸ್ಟಿಕ್ಕನ್ನು ಮೆತ್ತಗೆ ಮಾಡಿಬಿಡುತ್ತದೆ. ಕಾಗದಕ್ಕೆ ಪಿವಿಸಿ ಕವರ್ ಬೇಡ, ಪಾಲಿಪ್ರೊಪಿಲೀನ್ ಕವರ್ ತನ್ನಿ, ಸ್ಟೇಷನರಿ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಾರೆ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಬದಲಾಯಿಸುತ್ತಾ ಇರಬೇಕು. ಕರಾವಳಿ, ಮಲೆನಾಡಿನವರು ಇನ್ನೂ ಹುಷಾರಾಗಿರಬೇಕು. ಡಬ್ಬವನ್ನು ಗೋಡೆಗೆ ತಾಗಿಸಿ ಇಡಬೇಡಿ, ಗೆದ್ದಲು ಬರೋದು ಅಲ್ಲಿಂದಲೇ.

ಎಲ್ಲ ಕಾರ್ಯಕ್ರಮಕ್ಕೂ ಗೊಂಬೆ ಇರೋದಿಲ್ಲ. ನನಗೆ ತುಂಬಾ ಪ್ರೀತಿಯ ಧಾರಾವಾಹಿ ಶಂಕರ್ ನಾಗ್ ಅವರ ಮಾಲ್ಗುಡಿ ಡೇಸ್. ಅಲ್ಲಿ ಕೂಡಿಡೋದು ಪೂರ್ತಿ ಬೇರೆ ತರದ್ದು. ಹೆಚ್ಚಿನ ಭಾಗದ ಶೂಟಿಂಗ್ ಆಗುಂಬೆಯಲ್ಲಿ, ರೈಲು ನಿಲ್ದಾಣದ ದೃಶ್ಯಗಳು ಶಿವಮೊಗ್ಗ–ತಾಳಗುಪ್ಪ ಮಾರ್ಗದ ಅರಸಾಳಿನಲ್ಲಿ. ಆಗ ಅದು ಮೀಟರ್ ಗೇಜ್ ಹಳಿ. ಆ ಹಳೇ ನಿಲ್ದಾಣದ ಕಟ್ಟಡವನ್ನು ರೈಲ್ವೆಯವರು ರಿಪೇರಿ ಮಾಡಿ 2020ರಲ್ಲಿ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ. ಈ ಧಾರಾವಾಹಿಗೆ ನಾನು ಹುಡುಕೋದು ಪ್ರಸಾರದ ಕಾಲದ ಪೇಪರ್ ಹಾಳೆ, ಪತ್ರಿಕೆಯ ಲೇಖನ, ಆ ಮಾರ್ಗದ ರಟ್ಟಿನ ರೈಲು ಟಿಕೆಟ್. ಹಳೇ ನಾಣ್ಯ, ಸ್ಟಾಂಪ್ ಮಾರುವವರ ಹತ್ತಿರ ಇಂಥ ಟಿಕೆಟ್‌ಗಳು ಕಂತೆಗಟ್ಟಲೆ ಇರುತ್ತವೆ, ಯಾರೂ ಊರಿನ ಹೆಸರು ಓದಿ ನೋಡೋದಿಲ್ಲ.

ಯಾವುದೇ ಸಾಮಾನು ಬಂದ ದಿನವೇ ಒಂದು ಚೀಟಿ ಬರೆಯುತ್ತೇನೆ. ಯಾವ ಊರಿನಿಂದ ಬಂತು, ಯಾವ ಅಂಗಡಿಯಲ್ಲಿ ಕೊಂಡಿದ್ದರಂತೆ, ಹುಟ್ಟುಹಬ್ಬಕ್ಕೋ ಪಾಸಾಗಿದ್ದಕ್ಕೋ, ಮನೆಯಲ್ಲಿ ಟಿವಿ ಇತ್ತೋ ಪಕ್ಕದ ಮನೆಗೆ ಹೋಗಿ ನೋಡುತ್ತಿದ್ದರೋ. ಕೊಟ್ಟವರು ಬೇಡ ಅಂದರೆ ಹೆಸರು ಬರೆಯೋದಿಲ್ಲ. ಲಿಯೊ ಗೊಂಬೆ ಯಾವ ಊರಿನಲ್ಲಿ ಯಾವ ವರ್ಷ ಎಷ್ಟು ರೂಪಾಯಿಗೆ ಸಿಗುತ್ತಿತ್ತು ಅಂತ ತಿಳಿಯಬೇಕಾದರೆ ಇಂಥ ಚೀಟಿಗಳೇ ಬೇಕು. ಬೆಲೆಯ ಚೀಟಿ ಇನ್ನೂ ಅಂಟಿಕೊಂಡಿರುವ ರಟ್ಟು ಸಿಕ್ಕರೆ ನನ್ನ ಮಟ್ಟಿಗೆ ಅದು ಗೊಂಬೆಗಿಂತ ದೊಡ್ಡದು.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಡಬ್ಬ ಇದ್ದರೆ ಮೊದಲು ತೊಳೆಯೋಕೆ ಹೋಗಬೇಡಿ. ಇದ್ದ ಹಾಗೇ ಹಿಂದೆ ಮುಂದೆ ಫೋಟೋ ತೆಗೆದಿಟ್ಟುಕೊಳ್ಳಿ. ತಳದಲ್ಲಿರುವ ಹರಿದ ಕಾಗದವನ್ನೂ ಎಸೆಯಬೇಡಿ. ಅಮ್ಮನಿಗೋ ದೊಡ್ಡಮ್ಮನಿಗೋ ಎಲ್ಲಿ ಕೊಡಿಸಿದ್ದು ಅಂತ ಈಗಲೇ ಕೇಳಿ ಬರೆದುಕೊಳ್ಳಿ.