ರೋಮ್‌ನ ಗೆಟ್ಟೊದಲ್ಲಿ ಗೋಡೆ ಓದುತ್ತಾ ನಡೆದದ್ದು

ರೋಮ್‌ನಲ್ಲಿದ್ದಾಗ ಒಂದು ಇಡೀ ಬೆಳಗನ್ನು ಟೈಬರ್ ನದಿ ದಂಡೆಯ ಗೆಟ್ಟೊಗೇ, ಅಂದರೆ ಹಳೆಯ ಯಹೂದಿ ಕೇರಿಗೇ ಮೀಸಲಿಟ್ಟಿದ್ದೆ. ಬಿರಬಿರನೆ ನಡೆದರೆ ಕಾಲು ಗಂಟೆಯೊಳಗೆ ದಾಟಿಬಿಡಬಹುದಾದ ಜಾಗ. ಗೈಡ್ ಗೊತ್ತುಮಾಡಲಿಲ್ಲ. ಅಲ್ಲಿನ ಸೇತುವೆ, ಚರ್ಚು, ಮನೆಗೋಡೆಗಳ ಮೇಲೆ ಏನೇನು ಕೆತ್ತಿದ್ದಾರೆ, ಅದರ ಅರ್ಥವೇನು ಎಂದು ಮೊದಲೇ ಓದಿ ಚಿಕ್ಕ ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋದೆ. ಗುಡಿಯಂಗಳದಲ್ಲಿ ಶಾಸನ ಕಂಡರೆ ನಿಂತುಬಿಡುವ ಅಭ್ಯಾಸದವರಿಗೆ ಈ ಕೇರಿ ಹೇಳಿ ಮಾಡಿಸಿದ್ದು.

ಶುರು ಮಾಡಿದ್ದು ನದಿಯ ನಡುವಿನ ತಿಬೆರೀನಾ ದ್ವೀಪದಿಂದ. ಅಲ್ಲಿಂದ ಕೇರಿಗೆ ದಾಟಿಸುವ ಪೊಂತೆ ಫಾಬ್ರೀಚೊ ಕ್ರಿ.ಪೂ. 62ರದ್ದು, ನಗರದಲ್ಲಿ ಇವತ್ತಿಗೂ ಜನ ಓಡಾಡುವ ಅತಿ ಹಳೆಯ ಸೇತುವೆ. ಮೇಲೆ ನಿಂತರೆ ಅದರ ಬರಹ ಕಾಣುವುದಿಲ್ಲ. ಮೆಟ್ಟಿಲಿಳಿದು ನೀರಿನ ಹತ್ತಿರ ಹೋಗಿ ತಲೆಯೆತ್ತಬೇಕು. ರಸ್ತೆಗಳ ಉಸ್ತುವಾರಿ ಹೊತ್ತಿದ್ದ ಲೂಸಿಯಸ್ ಫಾಬ್ರಿಸಿಯಸ್ ಇದನ್ನು ಕಟ್ಟಿಸಿದ, ಕೆಲಸ ನೋಡಿ ಒಪ್ಪಿದವನೂ ಅವನೇ ಎಂದು ಕಮಾನಿನ ಮೇಲಿದೆ. ಜೊತೆಗೇ ಕ್ರಿ.ಪೂ. 21ರಲ್ಲಿ ರೋಮ್‌ನ ಅತ್ಯುನ್ನತ ಅಧಿಕಾರಿಗಳಾಗಿದ್ದ ಇಬ್ಬರು ಕಾನ್ಸುಲ್‌ಗಳೂ ಕೆಲಸ ನೋಡಿ ಒಪ್ಪಿದ ದಾಖಲೆ ಸಣ್ಣ ಅಕ್ಷರದಲ್ಲಿದೆ. ಕೆಲಸಕ್ಕೆ ಹೊಣೆ ಯಾರು ಎಂಬುದು ಎರಡು ಸಾವಿರ ವರ್ಷ ಕಳೆದರೂ ಅಳಿಸಿಲ್ಲ. ಇಂಥದ್ದನ್ನು ಕಂಡರೆ ನನಗೆ ರೋಮಾಂಚನ.

ಸೇತುವೆ ದಾಟಿದ ಕೂಡಲೇ ಸಾನ್ ಗ್ರೆಗೋರಿಯೊ ಎಂಬ ಪುಟ್ಟ ಚರ್ಚ್. ಬಾಗಿಲ ಮೇಲೆ ಹೀಬ್ರೂ ಮತ್ತು ಲ್ಯಾಟಿನ್ ಎರಡರಲ್ಲೂ ಬೈಬಲಿನ ಯೆಶಾಯನ ಪ್ರವಾದನೆಯ ಮಾತು: ಮಾತು ಕೇಳದ ಜನರತ್ತ ದಿನವೆಲ್ಲ ಕೈ ಚಾಚಿದ್ದೇನೆ ಎಂದು ದೇವರು ಹೇಳುವ ಸಾಲು. ಚರ್ಚಿನ ಮೇಲೆ ಹೀಬ್ರೂ ಯಾಕೆ? ಓದಬೇಕಾದವರು ಎದುರಿಗೇ ಗೋಡೆಯೊಳಗೆ ಇದ್ದರು. 1555ರಲ್ಲಿ ಪೋಪ್ ನಾಲ್ಕನೇ ಪಾಲ್ ಆಜ್ಞೆ ಹೊರಡಿಸಿ ರೋಮ್‌ನ ಯಹೂದಿಗಳನ್ನೆಲ್ಲ ಪ್ರವಾಹಕ್ಕೆ ಮೊದಲು ಸಿಗುವ ಈ ತಗ್ಗಿಗೆ ತಳ್ಳಿ ಸುತ್ತ ಗೋಡೆ ಹಾಕಿಸಿದ. ರಾತ್ರಿ ಬಾಗಿಲಿಗೆ ಬೀಗ. ಹಳೆ ಬಟ್ಟೆ ವ್ಯಾಪಾರ ಬಿಟ್ಟರೆ ಹೆಚ್ಚಿನ ಕಸುಬಿಗೆಲ್ಲ ನಿಷೇಧ. ಯಹೂದಿಗಳ ವಿಶ್ರಾಂತಿ ದಿನವಾದ ಸಬ್ಬತ್ತಿನಂದು, ಅಂದರೆ ಶನಿವಾರ, ಮತಾಂತರದ ಉಪದೇಶಕ್ಕೆ ಬಲವಂತವಾಗಿ ಕರೆದೊಯ್ಯುತ್ತಿದ್ದರು. ಯಹೂದಿಗಳು ಕಿವಿಗೆ ಮೇಣ ತುಂಬಿಕೊಂಡು ಕೂರುತ್ತಿದ್ದರು ಎಂಬ ಮಾತು ಇವತ್ತಿಗೂ ಉಳಿದಿದೆ. ಗೋಡೆ ಬಿದ್ದದ್ದು 1848ರಲ್ಲಿ. ಪೂರ್ತಿ ಬಿಡುಗಡೆ ಸಿಕ್ಕಿದ್ದು ರೋಮ್ ಇಟಲಿಗೆ ಸೇರಿದ 1870ರಲ್ಲಿ. ಆ ಬಾಗಿಲ ಕೆಳಗೆ ನಾನು ಬಹಳ ಹೊತ್ತು ನಿಂತೆ. ಅದು ಕಾರುಣ್ಯದ ಮಾತೇ ಇರಬಹುದು, ಆದರೆ ಬೀಗ ಹಾಕಿದವರು ಬೀಗದೊಳಗಿನವರಿಗೆ ಹೇಳಿದಾಗ ಅದು ಅವಮಾನವೇ ಆಗುತ್ತದೆ.

ಅಲ್ಲಿಂದ ಪೋರ್ತಿಕೊ ದೊತ್ತಾವಿಯಾ. ಸಾಮ್ರಾಟ ಅಗಸ್ಟಸ್ ತನ್ನ ಅಕ್ಕನ ಹೆಸರಿನಲ್ಲಿ ಕಟ್ಟಿಸಿದ ಕಂಬಸಾಲು ಇದು. ಬೆಂಕಿಗೆ ಸಿಕ್ಕಿದ ಮೇಲೆ 203ರಲ್ಲಿ ಸೆಪ್ಟಿಮಿಯಸ್ ಸೆವೆರಸ್ ಮತ್ತೆ ಕಟ್ಟಿಸಿದ. ಮಧ್ಯಯುಗದಿಂದ ಇದೇ ಕಂಬಗಳ ನಡುವೆ ಮೀನು ಮಾರ್ಕೆಟ್ ನಡೆಯಿತು. ಅಲ್ಲಿನ ಒಂದು ಅಮೃತಶಿಲೆಯ ಫಲಕ ನೋಡದೆ ಬರಬೇಡಿ: ಈ ಕಲ್ಲಿಗಿಂತ ಉದ್ದದ ಮೀನು ಬಿದ್ದರೆ ಅದರ ತಲೆಯನ್ನು ಮೊದಲ ರೆಕ್ಕೆಯವರೆಗೂ ಸೇರಿಸಿ ನಗರದ ಅಧಿಕಾರಿಗಳಿಗೆ ಒಪ್ಪಿಸಬೇಕು. ಮೀನಿನ ಸಾರಿಗೆ ರುಚಿ ಕೊಡುವುದು ತಲೆಯೇ ಎಂದು ನಮ್ಮ ಕರಾವಳಿಯವರಿಗೆ ಹೇಳಬೇಕಾಗಿಲ್ಲ.

ಹತ್ತಿರದಲ್ಲೇ ಲೊರೆಂತ್ಸೊ ಮಾನೀಲಿಯೊ 1468ರಲ್ಲಿ ಕಟ್ಟಿಸಿದ ಮನೆ. ಇಸವಿಯನ್ನು ರೋಮ್ ಹುಟ್ಟಿದಾಗಿನಿಂದ ಎಣಿಸಿ 2221 ಎಂದು ಬರೆಸಿದ್ದಾನೆ. ತನ್ನ ಊರಿನ ಮೇಲೆ ಎಂಥ ಹೆಮ್ಮೆ!

ವಿಯಾ ದೆಲ್ಲಾ ರೆಜಿನೆಲ್ಲಾಕ್ಕೆ ಬಂದಾಗ ನಡಿಗೆ ತಾನಾಗಿ ನಿಧಾನವಾಯಿತು. ಗೆಟ್ಟೊದ ಹಳೆಯ ಮನೆಗಳನ್ನು 19ನೇ ಶತಮಾನದ ಕೊನೆಯಲ್ಲಿ ಕೆಡವಿಹಾಕಿದರು. ಜಾಗವಿಲ್ಲದೆ ಮೇಲೆ ಮೇಲೆ ಬೆಳೆದ ಆ ಮನೆಗಳು ಹೇಗಿದ್ದವೆಂದು ಈ ಕಿರಿದಾದ ಓಣಿಯಲ್ಲಿ ತಿಳಿಯುತ್ತದೆ. ಇಲ್ಲಿ ಓದಬೇಕಾದದ್ದು ಕಾಲಡಿಯಲ್ಲಿದೆ. ನೆಲಹಾಸಿನ ಕಪ್ಪು ಕಲ್ಲುಗಳ ನಡುವೆ ಅಂಗೈಯಗಲದ ಹಿತ್ತಾಳೆ ಫಲಕಗಳು. 'ಇಲ್ಲಿ ವಾಸವಾಗಿದ್ದರು' ಎಂದು ಶುರುವಾಗಿ ಹೆಸರು, ಹುಟ್ಟಿದ ವರ್ಷ, ಬಂಧಿಸಿದ ದಿನ, ಆಮೇಲೆ ನಾಜಿಗಳ ಹತ್ಯಾ ಶಿಬಿರ ಆಶ್‌ವಿಟ್ಜ್. ಬಗ್ಗದೆ ಓದಲಾಗುವುದಿಲ್ಲ. ನಾನು ಒಂದೊಂದರ ಮುಂದೆಯೂ ಕುಕ್ಕರಗಾಲಲ್ಲಿ ಕೂತು ಓದಿದೆ. ಒಂದೇ ಮನೆಯವರ ಫಲಕಗಳು ಅಕ್ಕಪಕ್ಕದಲ್ಲಿದ್ದರೆ ಹುಟ್ಟಿದ ವರ್ಷ ನೋಡಿಯೇ ಯಾರು ತಾಯಿ, ಯಾರು ಮಗು ಎಂದು ಗೊತ್ತಾಗುತ್ತದೆ.

1943ರ ಸೆಪ್ಟೆಂಬರ್‌ನಲ್ಲಿ ನಾಜಿಗಳು ಇಲ್ಲಿನ ಜನರಿಂದ 50 ಕಿಲೊ ಚಿನ್ನ ಕೇಳಿದ್ದರು. ಕೊಟ್ಟರೆ ಯಾರನ್ನೂ ಒಯ್ಯುವುದಿಲ್ಲ ಎಂಬ ಮಾತಿನ ಮೇಲೆ ಜನ ಚಿನ್ನ ಒಟ್ಟುಮಾಡಿ ಕೊಟ್ಟರು. ಅಕ್ಟೋಬರ್ 16ರ ಶನಿವಾರ, ನಸುಕಿನಲ್ಲೇ ನಾಜಿಗಳು ಮನೆ ಮನೆಗೆ ನುಗ್ಗಿದರು. ಈ ಕೇರಿಯಿಂದಲೂ ನಗರದ ಬೇರೆ ಭಾಗಗಳಿಂದಲೂ ಹಿಡಿದು ಆಶ್‌ವಿಟ್ಜ್‌ಗೆ ಸಾಗಿಸಿದವರು ಸಾವಿರಕ್ಕೂ ಹೆಚ್ಚು. ತಿರುಗಿ ಬಂದವರು 16 ಮಂದಿ. ಇದನ್ನು ಪುಸ್ತಕದಲ್ಲಿ ಓದಿಕೊಂಡೇ ಹೋಗಿದ್ದೆ. ಆದರೂ ಅವರ ಹೊಸ್ತಿಲ ಮುಂದೆ ಕೂತಾಗ ಗಂಟಲು ಕಟ್ಟಿತು.

ಓಣಿ ಮುಗಿದರೆ ಪಿಯಾತ್ಸಾ ಮಾತ್ತೇಯಿಯ ಆಮೆ ಕಾರಂಜಿ. ಜಾಕೊಮೊ ದೆಲ್ಲಾ ಪೋರ್ತಾನ ವಿನ್ಯಾಸ. ಮೊದಲು ಇದನ್ನು ಗೆಟ್ಟೊ ಬಾಗಿಲ ಬಳಿಯ ಚೌಕದಲ್ಲಿ ನಿಲ್ಲಿಸುವುದೆಂದು ತೀರ್ಮಾನವಾಗಿತ್ತು. ಶ್ರೀಮಂತ ಮಾತ್ತೇಯಿ ಮನೆತನದವರು ತಮ್ಮ ಮನೆಯೆದುರಿಗೆ ತರಿಸಿಕೊಂಡರು. ಆಮೆಗಳು ಆಮೇಲೆ ಸೇರಿದ್ದು, ಸಾಮಾನ್ಯವಾಗಿ ಬೆರ್ನೀನಿಯವೆನ್ನುತ್ತಾರೆ.

ನೀವೂ ಹೋಗುವುದಾದರೆ ಶನಿವಾರ ಬೇಡ. 1904ರ ದೊಡ್ಡ ಸಿನಗಾಗ್‌ನ (ಯಹೂದಿಗಳ ಪ್ರಾರ್ಥನಾ ಮಂದಿರದ) ಜೊತೆಗಿರುವ ಮ್ಯೂಸಿಯಂಗೆ ಅಂದು ರಜೆ. ದಪ್ಪ ಅಡಿಯ ಶೂ ಹಾಕಿಕೊಳ್ಳಿ. ನೀರಿನ ಬಾಟಲಿ ಖಾಲಿಯಾದರೆ ಬೀದಿಬದಿಯ ನಲ್ಲಿಗಳಲ್ಲಿ ತುಂಬಿಸಿಕೊಳ್ಳಬಹುದು. ಊಟದ ಚಿಂತೆ ಸಸ್ಯಾಹಾರಿಗಳಿಗೆ ಇಲ್ಲಿ ಕಡಿಮೆ: ಯಹೂದಿಗಳ ಕೋಷರ್ ಎಂಬ ಆಹಾರ ನಿಯಮದಲ್ಲಿ ಹಾಲು, ಮಾಂಸ ಒಂದೇ ಕಡೆ ಬೆರೆಸುವಂತಿಲ್ಲ, ಹಾಗಾಗಿ ಹಾಲಿನ ಅಡುಗೆಯ ಹೋಟೆಲಿನಲ್ಲಿ ಮಾಂಸ ಇರುವುದಿಲ್ಲ. ಆದರೂ ಮೀನು ಇರಬಹುದು, ಕೇಳಿಯೇ ತರಿಸಿಕೊಳ್ಳಿ. ಇಡೀ ಆರ್ಟಿಚೋಕ್ ಮೊಗ್ಗನ್ನು ಎಣ್ಣೆಯಲ್ಲಿ ಎರಡು ಸಲ ಕರಿದು, ಎಸಳು ಹಪ್ಪಳದಂತೆ ಗರಿಗರಿಯಾಗುವ 'ಕಾರ್ಚೋಫಿ ಅಲ್ಲಾ ಜೂದಿಯಾ' ಈ ಕೇರಿಯದೇ ಅಡುಗೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅದರ ಒಳ್ಳೆಯ ಕಾಲ.