ರಾಗಿ ಬಿಸ್ಕತ್ತಿನಲ್ಲಿ ರಾಗಿ ಎಷ್ಟು? ಕೊಳ್ಳುವ ಮುನ್ನ ತೂಗಿ ನೋಡುವ ಬಗೆ

ಅಂಗಡಿಯಲ್ಲಿ ನಿಂತಾಗ ನಾವು ತೂಗುವುದು ಎರಡನ್ನೇ, ರುಚಿ ಮತ್ತು ದರ. ಎರಡೂ ಅಲ್ಲೇ ಗೊತ್ತಾಗುತ್ತವೆ. ಹೆಚ್ಚಾಗಿ ತಿಂದ ಉಪ್ಪು ಬಿಪಿಯಾಗಿ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯುತ್ತವೆ. ಭತ್ತದ ಗದ್ದೆಗೆ ಹರಿದ ನೀರಿನ ಲೆಕ್ಕವಂತೂ ಬಿಲ್ಲಿನಲ್ಲಿ ಬರುವುದೇ ಇಲ್ಲ. ತಡವಾಗಿ ಬರುವ, ದೂರದಲ್ಲೆಲ್ಲೋ ಆಗುವ ಈ ಪರಿಣಾಮಗಳನ್ನು ಕೊಳ್ಳುವ ಹೊತ್ತಿಗೇ ಕಣ್ಣ ಮುಂದೆ ತಂದುಕೊಳ್ಳಬಹುದು. ಕಷ್ಟದ ಕೆಲಸವಲ್ಲ, ಆರು ಅಭ್ಯಾಸ ಬೇಕು.

1. ತಿಂಗಳ ಸಾಮಾನಿನ ಚೀಟಿಯಿಂದ ಶುರು ಮಾಡಿ

ಹಬ್ಬದ ಹೋಳಿಗೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ದಿನವೂ ತಟ್ಟೆಗೆ ಬರುವ ಅಕ್ಕಿ, ಎಣ್ಣೆ, ಸಕ್ಕರೆ, ಉಪ್ಪಿಗೆ ಗುರುತು ಹಾಕಿ. ನಾಲ್ಕು ಜನರ ಮನೆಗೆ ತಿಂಗಳಿಗೆ ನಾಲ್ಕು ಲೀಟರ್ ಎಣ್ಣೆ ಬಂದರೆ ಒಬ್ಬರ ಪಾಲಿಗೆ ದಿನಕ್ಕೆ 33 ಮಿಲಿ, ಅಂದರೆ ಆರೂವರೆ ಟೀ ಚಮಚ. ಹೊರಗೆ ತಿಂದ ಬೋಂಡ, ಪೂರಿ ಇದರಲ್ಲಿ ಸೇರಿಲ್ಲ.

2. ಪೊಟ್ಟಣವನ್ನು ತಿರುಗಿಸಿ

ಮುಂಭಾಗ ಮಾರುವವರದು, ಹಿಂಭಾಗ ನಮ್ಮದು. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಮೊದಲು ಬರೆದದ್ದೇ ಹೆಚ್ಚು ಇರುವುದು. ಮೊನ್ನೆ ನಾನು ಕೈಗೆತ್ತಿಕೊಂಡ ಒಂದು ರಾಗಿ ಬಿಸ್ಕತ್ತಿನ ಪೊಟ್ಟಣದ ಮುಂದೆ ದೊಡ್ಡ ರಾಗಿ ತೆನೆಯ ಚಿತ್ರವಿತ್ತು. ಹಿಂದಿನ ಪಟ್ಟಿಯಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ, ಇವೆಲ್ಲ ಆದಮೇಲೆ ರಾಗಿ ಹಿಟ್ಟು. ಹೀಗೆ ಒತ್ತಿ ಹೇಳಿಕೊಂಡ ಪದಾರ್ಥ ಶೇಕಡಾ ಎಷ್ಟಿದೆ ಎಂದೂ ಅವರು ನಮೂದಿಸಬೇಕು. ಆ ಅಂಕಿ ಅಕ್ಷರಗಳ ನಡುವೆ ಸಣ್ಣದಾಗಿ ಕೂತಿರುತ್ತದೆ, ಹುಡುಕಿ.

3. ಅಂಕಿಗಳನ್ನು ಚಮಚಕ್ಕೆ ಇಳಿಸಿ

ಸೋಡಿಯಂ ಇಷ್ಟು ಮಿಲಿಗ್ರಾಂ ಎಂದರೆ ಯಾರಿಗೂ ಏನೂ ಅನ್ನಿಸುವುದಿಲ್ಲ. ಅದನ್ನು ಎರಡೂವರೆಯಿಂದ ಗುಣಿಸಿ, ಉಪ್ಪಿನ ಲೆಕ್ಕ ಸಿಗುತ್ತದೆ. 100 ಗ್ರಾಂ ಖಾರಾ ಮಿಕ್ಸ್ಚರ್‌ನಲ್ಲಿ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ 2 ಗ್ರಾಂ ಉಪ್ಪು. ದೊಡ್ಡವರಿಗೆ ಇಡೀ ದಿನಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂ. ಸಕ್ಕರೆಯ ಗ್ರಾಂ ಅನ್ನು ಐದರಿಂದ ಭಾಗಿಸಿದರೆ ಹೆಚ್ಚುಕಡಿಮೆ ಟೀ ಚಮಚದ ಲೆಕ್ಕ. ‘ಒಂದು ಸರ್ವಿಂಗ್’ ಎಂದು ಕೊಟ್ಟ ಅಳತೆಯನ್ನು ನಂಬಿಕೊಳ್ಳದೆ, ನಿಮ್ಮ ಮನೆಯ ಬಟ್ಟಲಿಗೆ ಎಷ್ಟು ಬೀಳುತ್ತದೋ ಅದನ್ನೇ ಹಿಡಿಯಿರಿ.

ನಮ್ಮಮ್ಮನಿಗೆ ಬಿಪಿ ಬಂದಾಗ ಸಾರಿಗೆ ಉಪ್ಪು ಕಡಿಮೆ ಮಾಡಿದರು. ಪಕ್ಕದಲ್ಲಿ ಉಪ್ಪಿನಕಾಯಿ, ಹಪ್ಪಳ, ಸಂಜೆಯ ಮಿಕ್ಸ್ಚರ್ ಮೊದಲಿನಂತೆಯೇ ನಡೆದಿದ್ದವು. ಸಪ್ಪೆ ಸಾರು ಉಂಡು ಅಷ್ಟು ದಿನ ಸಂಕಟಪಟ್ಟದ್ದೇ ಬಂತು. ಲೆಕ್ಕ ಹಾಕಿ ನೋಡಿದ ಮೇಲೆ ಮಿಕ್ಸ್ಚರ್ ಬಿಟ್ಟರು, ಸಾರಿಗೆ ಸ್ವಲ್ಪ ಉಪ್ಪು ವಾಪಸ್ ಬಂತು.

4. ತಟ್ಟೆಯಾಚೆಗೂ ನೋಡಿ

ಅಕ್ಕಿ ಮತ್ತು ರಾಗಿಯನ್ನೇ ತೆಗೆದುಕೊಳ್ಳೋಣ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂಗೂ ಮೀರಿ ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ ಸುಮಾರು 10. ನಿಂತ ನೀರಿನ ಗದ್ದೆಯಿಂದ ವಾತಾವರಣ ಬಿಸಿ ಮಾಡುವ ಮೀಥೇನ್ ಹೊರಡುತ್ತದೆ. ಒಂದು ಕಿಲೋ ಭತ್ತಕ್ಕೆ ಮಳೆ, ಕಾಲುವೆ ಎಲ್ಲ ಸೇರಿ ಸರಾಸರಿ 2,500 ಲೀಟರ್ ನೀರು ಬೇಕು. ತುಮಕೂರು, ಹಾಸನ, ರಾಮನಗರದ ಹೊಲಗಳಲ್ಲಿ ರಾಗಿ ಬಹುಪಾಲು ಮುಂಗಾರು ಮಳೆಯಲ್ಲೇ ಬೆಳೆಯುತ್ತದೆ. ಹುಳು ಹಿಡಿಯುವುದೂ ಕಡಿಮೆ. ಹಿಂದಿನವರು ಹಗೇವಿನಲ್ಲಿ, ಅಂದರೆ ನೆಲದಡಿಯ ಕಣಜದಲ್ಲಿ, ವರ್ಷಗಟ್ಟಲೆ ಇಟ್ಟು, ಬರ ಬಂದಾಗ ತೆಗೆದು ಉಣ್ಣುತ್ತಿದ್ದರು.

ಹಾಗೆಂದು ಅಕ್ಕಿಯನ್ನೇ ದೂರಬೇಡಿ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಸುರಿಯುವ ಮಳೆಗೆ ಭತ್ತವೇ ಹೊಂದುವ ಬೆಳೆ. ಮಂಗಳೂರಿನವರ ಕುಚ್ಚಲಕ್ಕಿ ಗಂಜಿಯನ್ನೂ ಬಯಲುಸೀಮೆಯಲ್ಲಿ ಕೊಳವೆಬಾವಿ ಬತ್ತಿಸಿ ಬೆಳೆದ ಅಕ್ಕಿಯನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ತಪ್ಪು. ‘ಎಲ್ಲಿಯ ಅಕ್ಕಿ?’ ಎಂದು ಅಂಗಡಿಯವರನ್ನು ಕೇಳಿ. ಬಿಡಿ ಅಕ್ಕಿ ಮಾರುವವರಿಗೆ ಸಾಮಾನ್ಯವಾಗಿ ಗೊತ್ತಿರುತ್ತದೆ.

5. ದರವನ್ನು ತೂಕಕ್ಕೆ ಹೋಲಿಸಿ

ಪೊಟ್ಟಣದ ಮೇಲೆ ಎಂಆರ್‌ಪಿ ಜೊತೆಗೆ ಗ್ರಾಂಗೋ ಕಿಲೋಗೋ ಎಷ್ಟು ಎಂಬ ದರವೂ ಅಚ್ಚಾಗಿರುತ್ತದೆ. ಹತ್ತು ರೂಪಾಯಿಯ ಸಣ್ಣ ಪೊಟ್ಟಣ ಅಗ್ಗ ಅನ್ನಿಸುವುದು ಅದನ್ನು ನೋಡದಿದ್ದಾಗ. ರಾಗಿ ಬಿಸ್ಕತ್ತಿನ ಕಿಲೋ ದರವನ್ನು ಗಿರಣಿಯ ರಾಗಿ ಹಿಟ್ಟಿನ ಕಿಲೋ ದರದ ಪಕ್ಕಕ್ಕೆ ಇಟ್ಟು ನೋಡಿ.

6. ಯಾರ ಕೈ ನೋಯುತ್ತದೆ?

ಇದನ್ನು ಬಹಳಷ್ಟು ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ‘ಇನ್ನು ದಿನಾ ಮುದ್ದೆ’ ಎಂದು ಮನೆಯ ಯಜಮಾನರು ಹೇಳಿಬಿಡುತ್ತಾರೆ, ಒಲೆಯ ಮುಂದೆ ನಿಂತು ಕೋಲಿನಲ್ಲಿ ತೊಳಸುವವರು ಬೇರೆಯವರು. ಆಹಾರ ಬದಲಿಸಿದಾಗ ಮನೆಯೊಳಗೆ ಯಾರ ಕೆಲಸ ಹೆಚ್ಚಿತು ಎಂಬುದೂ ಒಂದು ಪರಿಣಾಮವೇ. ಅವರನ್ನು ಕೇಳಿಯೇ ತೀರ್ಮಾನಿಸಿ, ತೊಳಸುವ ಸರದಿ ಹಂಚಿಕೊಳ್ಳಿ.

ಎಲ್ಲವನ್ನೂ ಒಟ್ಟಿಗೆ ಬದಲಿಸಲು ಹೋದವರು ಎರಡೇ ವಾರಕ್ಕೆ ಬಿಟ್ಟುಬಿಡುವುದನ್ನು ನೋಡಿದ್ದೇನೆ. ಒಂದು ತಿಂಗಳಿಗೆ ಒಂದೇ ಬದಲಾವಣೆ ಸಾಕು. ನಮ್ಮಲ್ಲಿ ಅದು ಬೆಳಗಿನ ಅಂಬಲಿಯಿಂದ ಶುರುವಾಯಿತು. ರಾತ್ರಿ ಎರಡು ದೊಡ್ಡ ಚಮಚ ರಾಗಿ ಹಿಟ್ಟನ್ನು ಒಂದು ಲೋಟ ನೀರಿಗೆ ಗಂಟಿಲ್ಲದಂತೆ ಕದಡಿಡಿ. ಬೆಳಿಗ್ಗೆ ಇನ್ನೊಂದು ಲೋಟ ನೀರು ಕುದಿಸಿ, ಅದಕ್ಕೆ ಸುರಿದು, ಬಣ್ಣ ಗಾಢವಾಗುವವರೆಗೆ ಕೈಯಾಡಿಸಿ. ಆರಿದ ಮೇಲೆ ಮಜ್ಜಿಗೆ ಬೆರೆಸಿ, ಚಿಟಿಕೆ ಉಪ್ಪು, ಹೆಚ್ಚಿದ ಈರುಳ್ಳಿ ಹಾಕಿ ಕುಡಿಯಿರಿ.