ಯಾರೂ ನೋಡದ ಆ ಫೌಲ್

ನಾನು ಕೇರಂ ಕಲಿತದ್ದು ಕಲಬುರಗಿಯ ಗಂಜ್ ಹತ್ತಿರದ ಒಂದು ಗಲ್ಲಿಯಲ್ಲಿ. ದಾಲ್ ಮಿಲ್ಲಿನ ಧೂಳು ಬೋರ್ಡಿನ ಮೇಲೆ ಬಂದು ಕೂರುತ್ತಿತ್ತು, ಒರೆಸಿ ಒರೆಸಿ ಆಡಬೇಕು. ನಮ್ಮ ಬೇಸಿಗೆಯಲ್ಲಿ ಬೋರ್ಡ್ ಎಷ್ಟು ಒಣಗಿರುತ್ತದೆ ಅಂದರೆ ಸ್ಟ್ರೈಕರ್ ಬೆರಳು ತಾಗಿದ್ದೇ ತಡ, ಜಾರಿ ಹೋಗುತ್ತದೆ. ಮಳೆಗಾಲದಲ್ಲಿ ಅದೇ ಬೋರ್ಡ್ ಎಳೆಯುತ್ತದೆ. ಮರಿಯಾ ಇರುದಯಂ ಅವರಿಗೆ 1996ರಲ್ಲಿ ಅರ್ಜುನ ಪ್ರಶಸ್ತಿ ಬಂತು ಅಂತ ಗಲ್ಲಿಯ ಕಾಕಾ ಒಬ್ಬರು ಹೇಳಿದ್ದರು. ಕೇರಂ ಆಡಿದವರಿಗೂ ಅರ್ಜುನ! ಅವತ್ತಿನಿಂದ ದಿನಕ್ಕೆ 4 ತಾಸು ಆಟ, ಪರೀಕ್ಷೆ ಇದ್ದರೂ 4 ತಾಸು.

ಜಿಲ್ಲಾ ಮಟ್ಟದ ಒಂದು ಫೈನಲ್. ಕೊನೆಯ ಬೋರ್ಡು, ನನ್ನದು ಒಂದೇ ಕಾಯಿ ಉಳಿದಿತ್ತು, ಅದೂ ಪಟ್ಟಿಗೆ ಅಂಟಿಕೊಂಡು ಕೂತಿತ್ತು. ಸ್ಟ್ರೈಕರ್ ಇಡುವಾಗ ಆಡುವವನ ಮುಂದಿನ ಎರಡೂ ಗೆರೆ ಮುಟ್ಟಿರಬೇಕು, ತುದಿಯ ಕೆಂಪು ವೃತ್ತದಲ್ಲಿ ಇಡುವುದಾದರೆ ಪೂರ್ತಿ ಮುಚ್ಚಬೇಕು, ಇಲ್ಲವಾದರೆ ಅದನ್ನು ಮುಟ್ಟಲೇಬಾರದು. ನನಗೆ ಬೇಕಾಗಿದ್ದ ಕೋನ ಸಿಗುತ್ತಿದ್ದದ್ದು ಅರ್ಧ ಮುಟ್ಟಿದರೆ ಮಾತ್ರ. ಹಾಗೇ ಇಟ್ಟೆ. ಸ್ಟ್ರೈಕರಿನ ಅಂಚಿನಿಂದ ಕೆಂಪು ಬಣ್ಣ ಉಗುರಿನಷ್ಟು ಹೊರಗೆ ಕಾಣುತ್ತಿತ್ತು. ಅಂಪೈರ್ ಅದೇ ಹೊತ್ತಿಗೆ ಅಂಕದ ಹಾಳೆ ನೋಡುತ್ತಿದ್ದರು. ಹೊಡೆದೆ, ಕಾಯಿ ಹೋಯಿತು, ಗೆದ್ದೆ.

ಮರುದಿನ ಪೇಪರಿನಲ್ಲಿ ಫೋಟೋ. ಚಹಾದ ಹೋಟೆಲಿನಲ್ಲಿ ದುಡ್ಡು ತಗೊಳ್ಳಲಿಲ್ಲ. ಅದು ಎಷ್ಟು ಹಿತವಾಗಿತ್ತು ಅಂತ ಈಗಲೂ ನೆನಪಿದೆ, ಸುಳ್ಳು ಹೇಳುವುದಿಲ್ಲ. ಆದರೆ ಆಮೇಲಿನ 2 ವರ್ಷ ನನ್ನ ಆಟ ಬಿದ್ದುಹೋಯಿತು. ಹೆಸರು ಹೋಗಬಾರದು ಅಂತ ಚುರುಕಾದ ಹುಡುಗರ ಜೊತೆ ಆಡುವುದನ್ನೇ ಬಿಟ್ಟೆ, ಸೋಲುವ ಸೂಚನೆ ಕಂಡರೆ ಕೈ ನೋವು ಅಂತ ಎದ್ದುಬಿಡುತ್ತಿದ್ದೆ. ಸಿಟ್ಟು ಬೇರೆ ಜಾಸ್ತಿ ಆಗಿತ್ತು. ಒಮ್ಮೆ ಸ್ಟ್ರೈಕರ್ ಗೋಡೆಗೆ ಎಸೆದಿದ್ದೂ ಉಂಟು.

ಆ ದಿನಗಳಲ್ಲಿ ಬಾಬಿ ಜೋನ್ಸ್ ಬಗ್ಗೆ ಓದಿದೆ. ಅಮೆರಿಕದ ಗಾಲ್ಫ್ ಆಟಗಾರ. ಗಾಲ್ಫ್ ನನಗೆ ಗೊತ್ತಿಲ್ಲದ ಆಟ, ಆದರೆ ಈ ಮನುಷ್ಯ ಗೊತ್ತಿದ್ದವನ ಹಾಗೆ ಕಂಡ. 1921ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿ, 19ನೇ ವಯಸ್ಸಿಗೆ, ಚೆಂಡು ಮರಳ ಗುಂಡಿಯಲ್ಲಿ ಸಿಕ್ಕಿಕೊಂಡಾಗ ಸಿಟ್ಟಿನಿಂದ ಆಟವನ್ನೇ ಅರ್ಧಕ್ಕೆ ಬಿಟ್ಟಿದ್ದ. ಅದೇ ಮನುಷ್ಯ 1925ರ ಯು.ಎಸ್. ಓಪನ್‌ನಲ್ಲಿ, ತಾನು ಹೊಡೆಯುವ ಮೊದಲು ಚೆಂಡು ಅಲುಗಾಡಿತು ಅಂತ ತಾನೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡ. ಬೇರೆ ಯಾರೂ ಅದನ್ನು ನೋಡಿರಲಿಲ್ಲ. ಗಾಲ್ಫ್‌ನಲ್ಲಿ ಕಡಿಮೆ ಹೊಡೆತದವನೇ ಗೆದ್ದ ಹಾಗೆ, ಆ ಒಂದು ಹೊಡೆತ ಸೇರದಿದ್ದರೆ ಪಂದ್ಯ ಅವನದೇ. ಸಮ ಆಯಿತು, ಮತ್ತೆ ಆಡಿ ವಿಲ್ಲಿ ಮ್ಯಾಕ್‌ಫರ್ಲೇನ್‌ಗೆ ಒಂದೇ ಹೊಡೆತದಿಂದ ಸೋತ. ಜನ ಹೊಗಳಿದರೆ, ಬ್ಯಾಂಕ್ ದರೋಡೆ ಮಾಡದೆ ಇದ್ದದ್ದಕ್ಕೂ ಹೊಗಳುತ್ತೀರಾ ಅನ್ನುವ ಅರ್ಥದ ಮಾತಾಡಿದನಂತೆ. 1930ರಲ್ಲಿ ಒಂದೇ ವರ್ಷ 4 ದೊಡ್ಡ ಪಂದ್ಯ ಗೆದ್ದು, 28ಕ್ಕೇ ಸ್ಪರ್ಧೆ ಬಿಟ್ಟ. ಉಗುರಿನಷ್ಟು ಕೆಂಪು ಕಣ್ಮುಂದೆ ಬಂತು. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ವಾರ ಬಿಟ್ಟು ಕಪ್ ಚೀಲದಲ್ಲಿ ಹಾಕಿಕೊಂಡು, ಅವತ್ತು ನನ್ನ ಎದುರು ಸೋತವನ ಮನೆಗೆ ಹೋದೆ. ಶಹಾಬಾದ್ ಕಡೆಯವನು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ಕಪ್ ಮುಟ್ಟಲಿಲ್ಲ. "ಇದು ನನಗ್ಯಾಕ? ಅವತ್ತೇ ಹೇಳಿದ್ರ ಆಗ್ತಿತ್ತಲ್ಲೋ. ನಮ್ಮವ್ವ ಇದ್ಲು ಅವಾಗ" ಅಂದ. ಅದಕ್ಕೆ ನನ್ನ ಹತ್ತಿರ ಮಾತಿರಲಿಲ್ಲ.

ಆಮೇಲೆ ನಾನು ಬದಲಿಸಿದ್ದು ಸಣ್ಣ ಸಣ್ಣ ವಿಷಯ. ಒಬ್ಬನೇ ಅಭ್ಯಾಸ ಮಾಡುವಾಗಲೂ ಫೌಲ್ ಆದರೆ ಬಾಯಿಬಿಟ್ಟು "ಫೌಲ್" ಅಂತೇನೆ, ಕಾಯಿ ವಾಪಸ್ ಇಡುತ್ತೇನೆ. ಮೊದಮೊದಲು ಯಾರೂ ಇಲ್ಲದ ಕೋಣೆಯಲ್ಲಿ ಹಾಗೆ ಹೇಳುವುದೇ ಕಷ್ಟವಾಗಿತ್ತು, ಈಗ ಬಾಯಿಗೆ ತಾನಾಗಿ ಬರುತ್ತದೆ. ನನ್ನನ್ನು ಸೋಲಿಸುವ ಹುಡುಗರನ್ನು ಹುಡುಕಿಕೊಂಡು ಹೋಗಿ ಆಡುತ್ತೇನೆ. ರಾಜ್ಯ ಮಟ್ಟ ದಾಟಲಿಲ್ಲ, ಆ ಆಸೆ ಇನ್ನೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಸಂಜೆ ಗಲ್ಲಿಯ ಮಕ್ಕಳಿಗೆ ಕಲಿಸುತ್ತೇನೆ. ಮೊದಲ ದಿನ ಹೊಡೆಯೋಕೆ ಬಿಡೋದಿಲ್ಲ. ಸ್ಟ್ರೈಕರ್ ವೃತ್ತದ ಹತ್ತಿರ ಇಡಿಸಿ, ಮೇಲಿನಿಂದ ಬಗ್ಗಿ ನೋಡಿಸಿ, ಕೆಂಪು ಕಾಣ್ತಿದೆಯಾ ಅಂತ ಕೇಳುತ್ತೇನೆ.